ಗೆಳೆಯರು ಬಂದಾಗ ಎಲ್ಲಿಗೆ: ಲಕ್ಕುಂಡಿಗೋ, ಗೊಟಗೋಡಿಗೋ?

ವಾರಾಂತ್ಯಕ್ಕೆಂದು ಮೈಸೂರಿನಿಂದ ಧಾರವಾಡಕ್ಕೆ ಬರುವ ಗೆಳತಿಯರು, ‘ಮ್ಯೂಸಿಯಂನಲ್ಲಿ ಕೆಲಸ ಮಾಡುವವಳು ನೀನು, ನೀನೇ ಹೇಳು’ ಎಂದುಬಿಡುತ್ತಾರೆ. ನೋಡುಗರು ಯಾವುದರ ಮುಂದೆ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ ಎಂದು ಗಮನಿಸುವುದು ನನ್ನ ವೃತ್ತಿ. ಅವರನ್ನು ಕರೆದೊಯ್ದ ಜಾಗಗಳನ್ನೂ ಹಾಗೆಯೇ ಅಳೆದಿದ್ದೇನೆ.

ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ 2020ರಲ್ಲಿ ತೆರೆದದ್ದು. ಚಿಕ್ಕ ಮಕ್ಕಳಿದ್ದರೆ ಅರ್ಧ ದಿನಕ್ಕೆ ಸಾಕು. ಅದರ ಜೊತೆಗೆ ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡವನ್ನೂ ತೋರಿಸಿ. ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಅಲ್ಲಿತ್ತು.

ನಿಜವಾದ ಪೈಪೋಟಿ ಇರುವುದು ಉಳಿದೆರಡರ ನಡುವೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಹೆದ್ದಾರಿಯ ಪಕ್ಕದಲ್ಲೇ ಇದೆ. ಹೊಲ, ಮನೆ, ಕಸುಬು, ದನಕರು ಎಲ್ಲವೂ ಆಳೆತ್ತರದ ಶಿಲ್ಪಗಳಾಗಿವೆ. ಅಲ್ಲಿ ಗೆಳತಿಯ ತಾಯಿ ನನಗೆ ಬಾಯಿ ತೆರೆಯಲೇ ಬಿಡಲಿಲ್ಲ. ‘ನಮ್ಮ ತೌರಿನಲ್ಲಿ ಹೀಗೇ ಇತ್ತಮ್ಮ’ ಎನ್ನುತ್ತಾ ಮೊಮ್ಮಕ್ಕಳಿಗೆ ಒಂದೊಂದನ್ನೂ ವಿವರಿಸಿದರು. ಹಿರಿಯರ ನೆನಪನ್ನು ಹೀಗೆ ಬಿಚ್ಚಿಸುವುದು ಎಷ್ಟು ಕಷ್ಟವೆಂದು ನನ್ನ ವೃತ್ತಿಯವರಿಗೆ ಗೊತ್ತು. ಆ ಕಲಾವಿದರ ಬಗ್ಗೆ ನನಗಿರುವ ಗೌರವ ದೊಡ್ಡದು.

ಆದರೂ ಒಂದೇ ದಿನ ಕೈಯಲ್ಲಿದ್ದರೆ ನಾನು ಹೊರಡುವುದು ಲಕ್ಕುಂಡಿಗೆ. ಹುಬ್ಬಳ್ಳಿಯಿಂದ ಗದಗ ದಾಟಿ ಹನ್ನೆರಡು ಕಿಲೋಮೀಟರಿನಷ್ಟು ಹೋದರೆ ಸಿಗುವ ಆ ಊರಿನಲ್ಲಿ ಗುಡಿ, ಬಾವಿ, ಬದುಕುತ್ತಿರುವ ಓಣಿ ಒಂದಕ್ಕೊಂದು ಹೆಣೆದುಕೊಂಡಿವೆ. ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಶಿವ ಮತ್ತು ಸೂರ್ಯನ ಗರ್ಭಗುಡಿಗಳು ಎದುರುಬದುರಾಗಿವೆ: ಶಿವನದು ಪೂರ್ವಕ್ಕೆ, ಸೂರ್ಯನದು ಪಶ್ಚಿಮಕ್ಕೆ. ನುಣುಪಾದ ಬಳಪದ ಕಲ್ಲು ಸಿಕ್ಕಿದ್ದರಿಂದಲೇ ಶಿಲ್ಪಿಗಳ ಉಳಿ ಬಾಗಿಲವಾಡದ ಪಟ್ಟಿ ಪಟ್ಟಿಯಲ್ಲೂ ಇಷ್ಟು ಸೂಕ್ಷ್ಮವಾಗಿ ಓಡಿದೆ. ತಿರುಗಣಿಯಲ್ಲಿ ಕಡೆದ ಕಂಬಗಳ ಅಂಚು ಬಳೆಯಷ್ಟು ತೆಳು. ಗ್ಯಾಲರಿಯಲ್ಲಿ ಇಂಥ ಕೆತ್ತನೆಗೆ ನಾವು ಬದಿಯಿಂದ ದೀಪ ಹಾಕಿ ನೆರಳು ಮೂಡಿಸುತ್ತೇವೆ. ಲಕ್ಕುಂಡಿಯಲ್ಲಿ ಆ ಕೆಲಸ ಬಿಸಿಲಿನದು. ನಡುಮಧ್ಯಾಹ್ನ ಹೋದವರಿಗೆ ಅರ್ಧವೂ ಕಾಣುವುದಿಲ್ಲ.

ಬ್ರಹ್ಮ ಜಿನಾಲಯದಲ್ಲಿ ಮಾತ್ರ ನಾನು ಸುಮ್ಮನಿರುವುದಿಲ್ಲ. ಅದನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದವಳೂ ಅವಳೇ. ಹಳೆಯದನ್ನು ಉಳಿಸಿ ಜನರಿಗೆ ತಲುಪಿಸುವುದು: ಮ್ಯೂಸಿಯಂನಲ್ಲಿ ನಾನು ಮಾಡುವ ಕೆಲಸವೂ ಅದೇ ತಾನೆ? ಈ ಮಾತು ಹೇಳಿದಾಗಲೆಲ್ಲ ಗೆಳತಿಯರು ಮಂಟಪದೊಳಗಿನ ನಾಲ್ಮೊಗದ ಬ್ರಹ್ಮನ ಮುಂದೆ ಮತ್ತೆ ಹೋಗಿ ನಿಲ್ಲುತ್ತಾರೆ.

ಗೊಟಗೋಡಿಯಲ್ಲಿ ತಮಗೆ ಗೊತ್ತಿದ್ದುದನ್ನು ಗುರುತಿಸಿ ಸಂತೋಷಪಡುತ್ತಾರೆ. ಲಕ್ಕುಂಡಿಯಲ್ಲಿ ಗೊತ್ತಿಲ್ಲದ್ದರ ಬಗ್ಗೆ ಪ್ರಶ್ನೆ ಕೇಳುತ್ತಾರೆ. ನನಗೆ ಆ ಪ್ರಶ್ನೆಗಳೇ ಹೆಚ್ಚು. ಆದರೆ ಮಂಡಿನೋವಿನ ಹಿರಿಯರು ಅಲ್ಲಿನ ಮುಸುಕಿನ ಬಾವಿ ಎಂಬ ಮೆಟ್ಟಿಲುಬಾವಿಗೆ ಇಳಿಯುವುದು ಬೇಡ, ಮೇಲಿನಿಂದಲೇ ನೋಡಲಿ. ಬೆಳಗಿನ ತಿಂಡಿ ಮುಗಿಸಿದ ಕೂಡಲೇ ಹೊರಡಿ. ಮರಳುವಾಗ ಗದಗದ ತ್ರಿಕೂಟೇಶ್ವರದಲ್ಲಿ ಇಳಿದು ಸರಸ್ವತಿ ಗುಡಿಯ ಕಂಬಗಳನ್ನು ನೋಡಿ, ಊಟಕ್ಕೆ ಅಲ್ಲೇ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ ಹೇಳಿ.