ಬೋಬಾ ಮುತ್ತು ಕೊಳ್ಳಿ, ಸಿರಪ್ ಬಿಡಿ, ಜೋನಿ ಬೆಲ್ಲ ಹಾಕಿ

ಆನ್‌ಲೈನಿನಲ್ಲಿ ತರಿಸಿದ ಕಾಲು ಕಿಲೋ ಬೋಬಾ ಮುತ್ತಿನ (ತಣ್ಣನೆ ಚಹಾಕ್ಕೋ ಕಾಫಿಗೋ ಹಾಕಿ, ಅಗಿಯುತ್ತಾ ಕುಡಿಯುವ ಪಿಷ್ಟದ ಪುಟ್ಟ ಗುಂಡು) ಪ್ಯಾಕೆಟ್ ಖಾಲಿಯಾಗಿ ಇನ್ನೊಂದು ಬಂದಿದೆ. ಅಲ್ಲಿಗೆ ನನ್ನ ಅಭಿಪ್ರಾಯ ಏನೆಂದು ಗೊತ್ತಾಗಿರಬೇಕು. ಮುತ್ತು ಚೆನ್ನಾಗಿದೆ, ಧಾರಾಳವಾಗಿ ಕೊಳ್ಳಿ. ಆದರೆ ಪ್ಯಾಕೆಟಿನ ಹಿಂಬದಿಯಲ್ಲಿ ಅಚ್ಚು ಹಾಕಿರುವ ಬೇಯಿಸುವ ಸಮಯವನ್ನು ನಂಬಬೇಡಿ, ಜೊತೆಗೆ ಬರುವ ಕಂದು ಸಿರಪ್ಪನ್ನಂತೂ ಮುಟ್ಟಲೇಬೇಡಿ. ಜೋನಿ ಬೆಲ್ಲ, ಅಂದರೆ ಸುರಿಯಲು ಬರುವ ನೀರು ಬೆಲ್ಲ, ಸಿಗುವ ಊರಲ್ಲಿದ್ದುಕೊಂಡು ಬಣ್ಣ, ಎಸೆನ್ಸ್ ಕಲಸಿದ ಸಕ್ಕರೆ ಪಾಕ ಯಾಕೆ ಬೇಕು?

ಮುತ್ತು ಹಾಕಿದ ಪಾನೀಯ ಹುಟ್ಟಿದ್ದು 1980ರ ದಶಕದ ತೈವಾನಿನಲ್ಲಿ, ಅದೂ ಚಹಾದಲ್ಲಿ. ತೈಚುಂಗಿನ ಒಂದು ಅಂಗಡಿ, ತೈನಾನಿನ ಒಂದು ಅಂಗಡಿ, ಎರಡೂ ‘ಮೊದಲು ಮಾಡಿದ್ದು ನಾವೇ’ ಅನ್ನುತ್ತವೆ. ನಮ್ಮ ಮನೆಯಲ್ಲಿ ಬೆಳಗಾಗುವುದೇ ಕಾಫಿಯಿಂದ, ಹಾಗಾಗಿ ಮುತ್ತೂ ಕಾಫಿಗೇ ಬಿತ್ತು. ಶಿವಮೊಗ್ಗದಲ್ಲೂ ಈಗ ಇದು ಹೊರಗೆ ಸಿಗುತ್ತದೆ. ನಾನು ಕುಡಿದ ಒಂದು ಕಡೆ ಮುತ್ತಿನ ನಡುಭಾಗ ಗಟ್ಟಿಯಾಗಿ, ಹಲ್ಲಿಗೆ ಹಿಟ್ಟುಹಿಟ್ಟಾಗಿ ಸಿಕ್ಕಿತು. ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಆಗುವುದೇ ಹಾಗೆ. ಬೆಂದಾಗ ನೀರು ಹೀರಿ ಉಬ್ಬಿದ ಪಿಷ್ಟ ತಣ್ಣಗಾಗುತ್ತಾ ಮತ್ತೆ ಬಿಗಿಯಾಗುತ್ತದೆ. ಮುತ್ತಿನ ಸುಖ ಬೇಯಿಸಿದ ಮೂರು ನಾಲ್ಕು ಗಂಟೆಯೊಳಗೆ ಮಾತ್ರ. ಇದನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಗ್ಲಾಸ್ ಕೈಗೆ ಕೊಟ್ಟಾಗ ನಮ್ಮ ಅತ್ತೆ ಕೇಳಿದ್ದು, “ಇದೇನೇ, ಸಬ್ಬಕ್ಕಿ ಪಾಯಸಕ್ಕೆ ಕಾಫಿ ಹೊಯ್ದಿದೀಯಾ?” ಅವರು ಹೇಳಿದ್ದರಲ್ಲಿ ಹುರುಳಿದೆ. ಸೇಲಂ ಕಡೆಯಿಂದ ಬರುವ ಸಬ್ಬಕ್ಕಿಯೂ ಮರಗೆಣಸಿನ ಪಿಷ್ಟವೇ, ಬೋಬಾ ಮುತ್ತೂ ಮರಗೆಣಸಿನ ಪಿಷ್ಟವೇ. ಆದರೆ ಸಬ್ಬಕ್ಕಿಯನ್ನು ನೆನೆಸಿದ ಹಾಗೆ ಇದನ್ನು ನೆನೆಸಲು ಹೋಗಬೇಡಿ. ತಣ್ಣೀರಿಗೆ ಬಿದ್ದ ಹಸಿ ಮುತ್ತು ಕರಗಿ ಗೊಜ್ಜಾಗುತ್ತದೆ. ತೊಳೆಯುವುದೂ ಬೇಡ. ಒಂದು ಕಪ್ ಮುತ್ತಿಗೆ ಎಂಟು ಹತ್ತು ಕಪ್ ನೀರು ಕೊತಕೊತ ಕುದಿಯುತ್ತಿರುವಾಗಲೇ ಹಾಕಬೇಕು.

ಹಾಕಿದ ಕೂಡಲೇ ತಳ ಸೇರುತ್ತವೆ. ಮರದ ಸೌಟಿನ ಹಿಂಬದಿಯಿಂದ ಮೆಲ್ಲಗೆ ಸವರಿ ಬಿಡಿಸಿ, ಜೋರಾಗಿ ತಿರುವಿದರೆ ಮೇಲ್ಮೈ ಸುಲಿಯುತ್ತದೆ. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮೇಲೆದ್ದು ತೇಲುತ್ತವೆ. ಪ್ಯಾಕೆಟಿನ ಪ್ರಕಾರ ಅಲ್ಲಿಂದ ಐದು ನಿಮಿಷ ಸಾಕು. ಸಾಲದು. ಮಧ್ಯಮ ಉರಿಯಲ್ಲಿ ಮುಚ್ಚಿ ಇಪ್ಪತ್ತು ನಿಮಿಷ ಬೇಯಿಸಿ, ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೊಂದಿಪ್ಪತ್ತು ನಿಮಿಷ ಬಿಡಿ. ಆಮೇಲೆ ಒಂದನ್ನು ಕಚ್ಚಿ ನೋಡಿ. ಒಳಗೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಚುಕ್ಕೆ ಮಾಯವಾಗಿ, ಇಡೀ ಮುತ್ತು ಕಪ್ಪು ಗಾಜಿನಂತೆ ಪಾರದರ್ಶಕವಾಗಿ ಕಂಡು, ಹಲ್ಲು ಊರಿದರೆ ಅದುಮಿಕೊಂಡು ವಾಪಸ್ ಪುಟಿಯಬೇಕು. ಆಗ ಸೋಸಿ, ಒಮ್ಮೆ ತಣ್ಣೀರು ಹಾಯಿಸಿ, ಬೆಚ್ಚಗೆ ಮಾಡಿದ ಜೋನಿ ಬೆಲ್ಲಕ್ಕೆ ಹಾಕಿ. ಪ್ಯಾಕೆಟಿಗೆ ಐದು ಸ್ಟಾರಿಗೆ ನಾನು ನಾಲ್ಕೇ ಕೊಟ್ಟಿದ್ದು ಅದರ ಮೇಲಿನ ಈ ಐದು ನಿಮಿಷದ ಮಾತಿಗಾಗಿ. ಹೊಸದಾಗಿ ಮಾಡುವವರು ಅದನ್ನು ಓದಿ, ಅರೆಬೆಂದದ್ದನ್ನು ತಿಂದು, ಇಷ್ಟೇನಾ ಅಂದುಕೊಂಡುಬಿಡುತ್ತಾರೆ.

ಜೋನಿ ಬೆಲ್ಲದ ವಿಷಯಕ್ಕೆ ಬಂದರೆ ನನಗೆ ಮಾತು ಉದ್ದವಾಗುತ್ತದೆ. ಆಲೆಮನೆಯಲ್ಲಿ ಅಚ್ಚು ಬೆಲ್ಲದ ಹದಕ್ಕೆ ಮೊದಲೇ ಕೊಪ್ಪರಿಗೆ ಇಳಿಸಿದ ಬೆಲ್ಲ ಇದು. ನಮಗೆ ಸಾಗರದ ಕಡೆಯಿಂದ ಡಬ್ಬಿಯಲ್ಲಿ ಬರುತ್ತದೆ, ನೀರುದೋಸೆಗೆ ಸುರಿದುಕೊಂಡು ಉಳಿದದ್ದು ವರ್ಷವಿಡೀ ಇರುತ್ತದೆ. ಡಬ್ಬಿಯ ತಳದಲ್ಲಿ ಹರಳುಗಟ್ಟಿದ್ದರೆ ಎರಡು ಚಮಚ ನೀರು ಬೆರೆಸಿ ಬಿಸಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಮುತ್ತು ಅದರಲ್ಲಿ ಅರ್ಧ ಗಂಟೆ ಕೂತರೆ ಕಬ್ಬಿನ ಘಮ ಒಳಗಿನವರೆಗೂ ಇಳಿಯುತ್ತದೆ. ಪ್ಯಾಕೆಟಿನ ಸಿರಪ್ಪಿಗೆ ಬರೀ ಸಿಹಿ. ಇದಕ್ಕೆ ಸಿಹಿಯ ಬೆನ್ನಿಗೆ ಸಣ್ಣಗೆ ಉಪ್ಪು, ಸಣ್ಣಗೆ ಒಗರು, ಅದು ಕಾಫಿಯ ಕಹಿಗೆ ಹೇಳಿ ಮಾಡಿಸಿದ ಜೋಡಿ.

ಕಾಫಿಗೆ ಫಿಲ್ಟರಿನ ಮೊದಲನೇ ಡಿಕಾಕ್ಷನ್ ಮಾತ್ರ. ಐಸ್ ಕರಗಿ ನೀರಾಗುವುದರಿಂದ ದಿನದ ಕಾಫಿಗಿಂತ ಪುಡಿ ಒಂದೂವರೆ ಪಟ್ಟು ಬೇಕು. ಬರೀ ಅರೇಬಿಕಾ ಪುಡಿ ತಣ್ಣಗಾದಾಗ ನನ್ನ ನಾಲಿಗೆಗೆ ಹುಳಿ ಅನ್ನಿಸುತ್ತದೆ. ಸ್ವಲ್ಪ ರೋಬಸ್ಟಾ ಸೇರಿಸಿ, ನೂರಕ್ಕೆ ಇಪ್ಪತ್ತು ಚಿಕೋರಿ ಹಾಕಿಸಿಕೊಂಡು ಬಂದ ಪುಡಿಯಲ್ಲಿ ಡಿಕಾಕ್ಷನ್ ಗಟ್ಟಿ ಬರುತ್ತದೆ, ಬೆಲ್ಲದ ಎದುರು ಸೋಲುವುದಿಲ್ಲ. ಸ್ವಲ್ಪ ಡಿಕಾಕ್ಷನ್ನನ್ನೇ ಐಸ್ ಟ್ರೇಗೆ ಹೊಯ್ದಿಟ್ಟರೆ ಇನ್ನೂ ಒಳ್ಳೆಯದು.

ಹಾಲು ಕಾಯಿಸಿ, ಪೂರ್ತಿ ತಣಿಸಿ, ಕೆನೆ ತೆಗೆದಿರಲಿ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಉದ್ದ ಗ್ಲಾಸಿಗೆ ಎರಡು ದೊಡ್ಡ ಚಮಚ ಮುತ್ತನ್ನು ಬೆಲ್ಲದ ಸಮೇತ ಹಾಕಿ, ಮೇಲೆ ಐಸ್, ಗ್ಲಾಸಿನ ಮುಕ್ಕಾಲಿನವರೆಗೆ ಹಾಲು, ಕೊನೆಗೆ ಡಿಕಾಕ್ಷನ್. ಕಲಸಿ ಕಾಲು ಗಂಟೆಯೊಳಗೆ ಕುಡಿದು ಮುಗಿಸಿ, ಐಸಿನಲ್ಲಿ ಕೂತಷ್ಟೂ ಮುತ್ತು ಗಟ್ಟಿಯಾಗುತ್ತದೆ.

ಮರಗೆಣಸಿನ ಹಿಟ್ಟು ತಂದು ಮುತ್ತನ್ನೂ ಮನೆಯಲ್ಲೇ ಕಟ್ಟಬಹುದು. ಕುದಿಯುವ ಬೆಲ್ಲದ ನೀರನ್ನೇ ಹಿಟ್ಟಿಗೆ ಹಾಕಬೇಕು, ಉಗುರುಬೆಚ್ಚಗಿದ್ದರೆ ಹಿಟ್ಟು ಮುದ್ದೆಯಾಗದೆ ಹರಿದುಹೋಗುತ್ತದೆ. ರುಚಿ ಪ್ಯಾಕೆಟಿಗಿಂತ ಮೇಲು, ಆದರೆ ಉರುಟು ಮಾಡುತ್ತಾ ಕೂರಲು ಮನೆಮಂದಿಯೆಲ್ಲ ಬೇಕು. ರಜೆಯ ದಿನಕ್ಕೆ ಅದು, ಉಳಿದ ದಿನಕ್ಕೆ ಪ್ಯಾಕೆಟ್.

ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೇಳಿದ್ದಲ್ಲ: ಮುತ್ತು ಪೂರ್ತಿ ಪಿಷ್ಟ, ಮೇಲೆ ಬೆಲ್ಲ. ಅತ್ತೆಗೆ ನಾನು ನಾಲ್ಕೇ ಮುತ್ತು ಹಾಕಿ ಕೊಡುತ್ತೇನೆ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ, ಸ್ಟ್ರಾದಲ್ಲಿ ಸರ‍್ರನೆ ಬಂದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡವರಿಗೂ ಮಾಮೂಲಿ ಸ್ಟ್ರಾ ನಡೆಯುವುದಿಲ್ಲ, 12 ಮಿಲಿಮೀಟರ್ ಅಗಲದ್ದು ಬೇಕು. ಅದಿಲ್ಲದಿದ್ದರೆ ಉದ್ದ ಚಮಚವಾದೀತು. ಒಡೆದ ಪ್ಯಾಕೆಟನ್ನು ಮಾತ್ರ ಕ್ಲಿಪ್ ಹಾಕಿ ಹಾಗೇ ಇಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಮುತ್ತು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಹಪ್ಪಳ ಇಡುವ ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಡಿ.