ಪರಿಚಯದ ಮೇಲೆ ಕೆಲಸ: ನೆಂಟರು, ಕಾಲೇಜ್ ಗ್ರೂಪ್, ಲಿಂಕ್ಡ್‌ಇನ್, ಹಳೇ ಕಸ್ಟಮರ್

ಶಿವಮೊಗ್ಗದ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆಯಲ್ಲಿ, ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಬೇರೆ ಕಡೆ ಹೋಗಬೇಕು ಅನ್ನಿಸಿದಾಗ ಗುರುತು ಪರಿಚಯದ ದಾರಿಗಳನ್ನೆಲ್ಲ ಬಳಸಿ ನೋಡಿದೆ. ನಾಲ್ಕಕ್ಕೂ ಅಜಗಜಾಂತರ ಇದೆ.

ನೆಂಟರಷ್ಟು ಮನಸ್ಸಿಟ್ಟು ಓಡಾಡುವವರು ಬೇರೆ ಯಾರೂ ಇಲ್ಲ. ತೀರ್ಥಹಳ್ಳಿಯ ಮದುವೆಮನೆಯಲ್ಲಿ ನಮ್ಮ ಸೋದರಮಾವ ಊಟಕ್ಕೆ ಕೂತವರಿಗೆಲ್ಲ, "ನಮ್ಮ ಹುಡುಗಂಗೊಂದು ಒಳ್ಳೆ ಕೆಲ್ಸ ನೋಡಿ ಮಾರಾಯ್ರೆ" ಅಂದರು. ಆದರೆ ನಾನು ಮಾಡುವ ಕೆಲಸ ಏನು ಅಂತ ಅವರಿಗೆ ಗೊತ್ತಿಲ್ಲ. ಹಾಗಾಗಿ ಬಂದದ್ದು ವಿಮೆ ಏಜೆನ್ಸಿ, ಶೋರೂಮ್ ಸೇಲ್ಸ್. ಗುಟ್ಟಂತೂ ಉಳಿಯುವುದಿಲ್ಲ. ಊರು ಚಿಕ್ಕದು, ಸುದ್ದಿ ಫ್ಯಾಕ್ಟರಿಗೂ ಬರುತ್ತದೆ.

ಕಾಲೇಜಿನ ವಾಟ್ಸಾಪ್ ಗ್ರೂಪ್ ಚುರುಕು. ಆದರೆ ಅಲ್ಲಿ ಸಾಫ್ಟ್‌ವೇರ್ ಕೆಲಸಗಳೇ ಜಾಸ್ತಿ. ಇನ್ನೊಂದು ವಿಷಯ ಗಮನಿಸಿ: ಸ್ನೇಹಿತ "ರೆಫರ್ ಮಾಡ್ದೆ" ಅಂದರೆ ಎಷ್ಟೋ ಸಲ ರೆಸ್ಯೂಮನ್ನು ಕಂಪನಿಯ ಪೋರ್ಟಲ್‌ಗೆ ಹಾಕಿದ ಅಂತಷ್ಟೇ ಅರ್ಥ. ಮ್ಯಾನೇಜರ್ ಹತ್ತಿರ ಹೋಗಿ ಬಾಯಿಬಿಟ್ಟು ಹೇಳುವುದು ಬೇರೆಯೇ. ಯಾವುದು ಮಾಡಿದ ಅಂತ ಕೇಳಿಬಿಡಿ, ಸಂಕೋಚ ಬೇಡ.

ಲಿಂಕ್ಡ್‌ಇನ್‌ನಲ್ಲಿ ಮುಖ ಪರಿಚಯವೇ ಇಲ್ಲದವರಿಗೆ ಬರೆದೆ. ಉತ್ತರ ಬಂದದ್ದು ತೀರಾ ಕಡಿಮೆ.

ಕೈಹಿಡಿದದ್ದು ನಮ್ಮಲ್ಲಿಗೆ ಅಪರೂಪಕ್ಕೆ ಇನ್‌ಸ್ಪೆಕ್ಷನ್‌ಗೆ ಬರುತ್ತಿದ್ದ ಕಸ್ಟಮರ್ ಕಂಪನಿಯ ಒಬ್ಬರು. ಒಂದು ಮಳೆಗಾಲದಲ್ಲಿ ಕ್ಯಾಸ್ಟಿಂಗ್‌ನಲ್ಲಿ (ಅಚ್ಚಿನಲ್ಲಿ ಎರಕ ಹೊಯ್ದ ಭಾಗದಲ್ಲಿ) ಬ್ಲೋಹೋಲ್, ಅಂದರೆ ಒಳಗೆ ಸಿಕ್ಕಿಕೊಂಡ ಆವಿಯಿಂದಾಗುವ ತೂತು, ಜಾಸ್ತಿಯಾಗಿ ಅವರ ಲಾಟ್ ರಿಜೆಕ್ಟ್ ಆಗಿತ್ತು. ಅಚ್ಚು ಮಾಡುವ ಮೋಲ್ಡಿಂಗ್ ಮರಳಿನಲ್ಲಿ ತೇವ ಹೆಚ್ಚಿದರೆ ಲೋಹ ಸುರಿದಾಗ ಆ ತೇವ ಆವಿಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಪಾಳಿ ಪಾಳಿಗೆ ತೇವ ಅಳೆದು ಬರೆದಿಟ್ಟ ಹಾಳೆ ತೋರಿಸಿದ್ದೆ. ಅದು ಅವರಿಗೆ ನೆನಪಿತ್ತು. ನಾನು ಕೆಲಸ ಕೊಡಿಸಿ ಅನ್ನಲಿಲ್ಲ. "ಸರ್, ನಿಮ್ಮಲ್ಲಿ ಸಪ್ಲೈಯರ್ ಕ್ವಾಲಿಟಿಗೆ ಎಂಥವರನ್ನ ತಗೋತಾರೆ? ಹತ್ತು ನಿಮಿಷ ಮಾತಾಡಬಹುದಾ?" ಅಂತ ಮೆಸೇಜ್ ಹಾಕಿದೆ. ಸಪ್ಲೈಯರ್ ಕ್ವಾಲಿಟಿ ಅಂದರೆ ಹೊರಗಿನಿಂದ ತರಿಸುವ ಸರಕಿನ ಗುಣಮಟ್ಟ ನೋಡುವ ಕೆಲಸ. ಸಂಜೆ ಅವರೇ ಫೋನ್ ಮಾಡಿದರು. ಇನ್ನೂ ಎಲ್ಲೂ ಜಾಹೀರಾತು ಹಾಕದ ಒಂದು ಜಾಗ ಖಾಲಿ ಇತ್ತು. ಮ್ಯಾನೇಜರ್‌ಗೆ ಆ ಮರಳಿನ ಕಥೆಯನ್ನೇ ಹೇಳಿದ್ದರು. ಇಂಟರ್‌ವ್ಯೂ ಶುರುವಾದದ್ದೂ ಅಲ್ಲಿಂದಲೇ.

ಇದು ನನ್ನೊಬ್ಬನ ಅದೃಷ್ಟ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಪರಿಚಯದಿಂದ ಹೊಸ ಕೆಲಸ ಹಿಡಿದವರನ್ನು ವಿಚಾರಿಸಿ 1973ರಲ್ಲೇ ಬರೆದಿದ್ದರು. ಪದೇ ಪದೇ ಸಿಗುವವರಿಂದ ಕೆಲಸದ ಸುದ್ದಿ ತಿಳಿದದ್ದು ಶೇ. 16.7 ಜನರಿಗೆ ಮಾತ್ರ. ಉಳಿದವರಿಗೆ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ಇಲ್ಲವೇ ಅದಕ್ಕಿಂತಲೂ ಅಪರೂಪದವರಿಂದ ತಿಳಿದಿತ್ತು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಅಲ್ವಾ? ಹೊಸ ಸುದ್ದಿ ಹೊರಗಿನವರ ಹತ್ತಿರವೇ ಇರುತ್ತದೆ.

ಈಗ ತಾನೇ ಓದು ಮುಗಿಸಿದವರಿಗೆ ಈ ದಾರಿ ಇಲ್ಲ, ಅವರ ಕೆಲಸ ಕಂಡವರೇ ಇರುವುದಿಲ್ಲ. ಅವರಿಗೆ ಕಾಲೇಜ್ ಗ್ರೂಪೇ ವಾಸಿ, ಅದರಲ್ಲೂ ಎರಡು ಮೂರು ವರ್ಷ ಸೀನಿಯರ್ ಆದವರು. ಐದಾರು ವರ್ಷ ದುಡಿದವರು ಮಾತ್ರ ಹಳೇ ಕಸ್ಟಮರ್, ವೆಂಡರ್, ಆಡಿಟರ್‌ಗಳ ನಂಬರ್ ಮೊದಲು ತೆಗೆಯಿರಿ.