ಟ್ಯಾಕ್ಸಿ ಬಿಟ್ಟು ಮೈಸೂರು: ಸಿಟಿ ಬಸ್ಸು ಎಷ್ಟರಮಟ್ಟಿಗೆ ಒದಗುತ್ತದೆ?

ನಾಲ್ಕು ಜನ ಗೆಳೆಯರು ಮೈಸೂರಿಗೆ ಬಂದಿಳಿದರೆ ಮೊದಲು ಎದುರಾಗುವುದು ‘ಫುಲ್ ಡೇ ಪ್ಯಾಕೇಜ್’. ಅರಮನೆ, ಝೂ, ಬೆಟ್ಟ, ಚರ್ಚು, ಕೆಆರ್‌ಎಸ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ ಪಟ್ಟಿ. ಬೆಟ್ಟಕ್ಕೆ ಮಟಮಟ ಮಧ್ಯಾಹ್ನ ಕರೆದೊಯ್ಯುತ್ತಾರೆ, ಮಾರ್ಕೆಟ್ಟಿನ ಹೆಸರೇ ಇರುವುದಿಲ್ಲ. ಇಪ್ಪತ್ತರ ಆಸುಪಾಸಿನವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಹಳೇ ಮೈಸೂರು ನಡೆದೇ ನೋಡಬಹುದಾದಷ್ಟು ಅಡಕವಾಗಿದೆ. ನಡೆಯಲಾಗದ ಕಡೆಗೆ ಸಿಟಿ ಬಸ್ಸಿದೆ. ಆ ಬಸ್ಸು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಮೊದಲ ಗೊಂದಲ ನಿಲ್ದಾಣದ್ದೇ. ಬೆಂಗಳೂರಿನಿಂದ ಬರುವ ಬಸ್ಸು ನಿಲ್ಲುವುದು ಸಬರ್ಬನ್ ನಿಲ್ದಾಣದಲ್ಲಿ. ಸಿಟಿ ಬಸ್ಸು ಹೊರಡುವುದು ಅಲ್ಲಿಂದಲ್ಲ, ಅರಮನೆಯ ಉತ್ತರಕ್ಕೆ ಕೆ.ಆರ್. ವೃತ್ತದ ಮಗ್ಗುಲಲ್ಲಿರುವ ನಗರ ಬಸ್ ನಿಲ್ದಾಣದಿಂದ. ಎರಡರ ನಡುವೆ ಸುಮಾರು ಒಂದು ಕಿಲೋಮೀಟರು. ಇಷ್ಟಕ್ಕೆ ಆಟೊ ಹತ್ತುವುದು ದಂಡ. ರೈಲಿನಲ್ಲಿ ಬಂದವರು ಬ್ಯಾಗನ್ನು ರೈಲ್ವೆ ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬಿಡಬಹುದು. ಬ್ಯಾಗಿಗೆ ಬೀಗ ಹಾಕಿರಬೇಕು, ರೈಲಿನ ಟಿಕೆಟ್ ತೋರಿಸಬೇಕು. ಬೀಗವಿಲ್ಲದ ಬ್ಯಾಗು ತಗೊಳ್ಳುವುದಿಲ್ಲ, ಹಾಗಾಗಿ ಒಂದು ಚಿಕ್ಕ ಬೀಗ ಮನೆಯಿಂದಲೇ ತನ್ನಿ.

ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಉಚಿತವೆಂದು ಟಿಕೆಟ್ಟೇ ಇಲ್ಲದೆ ಕೂತರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಎಸಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಬೆಟ್ಟದ ದಾರಿಯಲ್ಲಿ ಎರಡೂ ಬಗೆಯ ಬಸ್ಸು ಓಡುವುದರಿಂದ ಹತ್ತುವ ಮುಂಚೆ ‘ಇದು ಆರ್ಡಿನರಿನಾ?’ ಎಂದು ಕಂಡಕ್ಟರನ್ನು ಕೇಳಿಬಿಡಿ. ಚಿಲ್ಲರೆ ಜೇಬಿನಲ್ಲಿರಲಿ.

ಸಿಟಿ ಬಸ್ಸಿನ ನಿಜವಾದ ಉಪಕಾರ ಕಾಣುವುದು ಚಾಮುಂಡಿ ಬೆಟ್ಟದಲ್ಲಿ. 201ನೇ ನಂಬರಿನ ಬಸ್ಸು ಬೆಟ್ಟಕ್ಕೆ ಹೋಗುತ್ತದೆ, ರಸ್ತೆಯಲ್ಲಿ ಸುಮಾರು 13 ಕಿ.ಮೀ. ಆದರೆ ಅದನ್ನು ಇಳಿಯಲು ಬಳಸಿ, ಹತ್ತಲು ಅಲ್ಲ. ಬೆಳಗ್ಗೆ ಐದೂವರೆ ಆರಕ್ಕೆ ಆಟೊದಲ್ಲಿ ಬೆಟ್ಟದ ಪಾದಕ್ಕೆ ಹೋಗಿ (ಡ್ರೈವರಿಗೆ ‘ಪಾದ’ ಅಂದರೆ ಸಾಕು), ಮೆಟ್ಟಿಲು ಹತ್ತಿ, ದರ್ಶನ ಮುಗಿಸಿ ಬಸ್ಸಿನಲ್ಲಿ ಕೆಳಗೆ ಬನ್ನಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ: ಬಸ್ಸಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುತ್ತಾರೆ. ಸುಲಭವೆನಿಸಿದರೂ ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಸಂಜೆ ಹೊತ್ತಿಗೆ ತೊಡೆ ನಡುಗಲು ಶುರುವಾಗುತ್ತದೆ, ಉಳಿದ ದಿನದ ನಡಿಗೆ ಕೆಡುತ್ತದೆ.

ಮೆಟ್ಟಿಲು ಸಾವಿರಕ್ಕೂ ಮೇಲಿವೆ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ್ದು, ಆದ್ದರಿಂದ ಎತ್ತರ ಒಂದೇ ಸಮ ಇಲ್ಲ. ಒಂದು ಗೇಣಾದರೆ ಇನ್ನೊಂದು ಮಂಡಿಯತ್ತ ಬರುತ್ತದೆ. ಹುರುಪಿನಲ್ಲಿ ಮೊದಲೇ ಓಡಿದವರು ಅರ್ಧಕ್ಕೆ ಕೂತುಬಿಡುತ್ತಾರೆ. ಮಾತಾಡುತ್ತಾ ಹತ್ತಲು ಸಾಧ್ಯವಾಗುವಷ್ಟೇ ವೇಗ ಇಟ್ಟುಕೊಂಡರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಾರೆ. ಮಂಜು ಬಿದ್ದ ಬೆಳಗಿನಲ್ಲಿ, ಮಳೆಯಲ್ಲಿ ಆ ಕುಂಕುಮ ಒದ್ದೆಯಾಗಿ ಕಲ್ಲು ಜಾರುತ್ತದೆ. ಹಚ್ಚಿದ ಜಾಗ ಬಿಟ್ಟು ಕಾಲಿಡಿ, ಅದು ಅವರ ಭಕ್ತಿಗೂ ಮರ್ಯಾದೆ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಕೋತಿ ಬಿಡುವುದಿಲ್ಲ. ಮುಕ್ಕಾಲು ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ ಸಿಗುತ್ತದೆ, ಎತ್ತರ ಸುಮಾರು 16 ಅಡಿ, ಉದ್ದ 25. ಮುಂದೆ ನಿಂತು ಸೆಲ್ಫಿ ತೆಗೆದು ಹೊರಟುಬಿಡುವವರೇ ಹೆಚ್ಚು. ಪಕ್ಕಕ್ಕೆ ಹೋಗಿ ಕೊರಳ ಗಂಟೆಸರದ ಒಂದೊಂದು ಗಂಟೆಯನ್ನೂ ನೋಡಿ, ಕಲ್ಲಿನಲ್ಲಿ ಹಗ್ಗದ ಹೊಸೆತ ಹೇಗೆ ಬಂದಿದೆ ನೋಡಿ. ಆಷಾಢ ಶುಕ್ರವಾರ ಮಾತ್ರ ಈ ಯೋಜನೆ ಕೈಬಿಡಿ. ಅಂದು ಬೆಟ್ಟಕ್ಕೆ ಬರುವವರು ದರ್ಶನಕ್ಕೆಂದೇ ಬಂದವರು, ಸಾಲಿನಲ್ಲೇ ದಿನ ಕಳೆದುಹೋಗುತ್ತದೆ.

ಕೆಳಗಿಳಿದ ಮೇಲೆ ತಿಂಡಿಗೆ ನಜರ್‌ಬಾದಿನ ಮೈಲಾರಿ ದೋಸೆ. ಇಲ್ಲಿ ಗರಿಗರಿ ನಿರೀಕ್ಷಿಸಬೇಡಿ: ದೋಸೆ ಮೆತ್ತಗೆ, ಒಳಗೆ ಸಾಗು, ಮೇಲೊಂದು ಉಂಡೆ ಬೆಣ್ಣೆ. ಚಿಕ್ಕ ಜಾಗ, ಕಾಯಬೇಕಾಗುತ್ತದೆ. ಒಬ್ಬರಿಗೆ ಎರಡು ಬೇಕೇ ಬೇಕು, ಎರಡನ್ನೂ ಒಟ್ಟಿಗೆ ಹೇಳಿದರೆ ಎರಡನೆಯದು ಆರಿಹೋಗುತ್ತದೆ.

ಹತ್ತು ಗಂಟೆಯ ಸುಮಾರಿಗೆ ದೇವರಾಜ ಮಾರುಕಟ್ಟೆ. ನಗರ ಬಸ್ ನಿಲ್ದಾಣದಿಂದ ಸಯ್ಯಾಜಿರಾವ್ ರಸ್ತೆಗೆ ನಡೆದೇ ಹೋಗಬೇಕು. ‘ಇವತ್ತು ಮಾರ್ಕೆಟ್ ರಜೆ, ಬೇರೆ ಒಳ್ಳೇ ಮಾರ್ಕೆಟ್ ತೋರಿಸ್ತೀನಿ’ ಎಂದು ಯಾರಾದರೂ ಆಟೊ ನಿಲ್ಲಿಸಿದರೆ ಹತ್ತಬೇಡಿ. ಅದು ಕಮಿಷನ್ ಕೊಡುವ ಎಣ್ಣೆ–ಊದುಬತ್ತಿ ಅಂಗಡಿಯ ದಾರಿ. ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿದುಬಿತ್ತು. ಕೆಡವಬೇಕೇ, ಉಳಿಸಬೇಕೇ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಮೈಸೂರಿಗೆ ಬಂದ ಯಾವ ಹುಡುಗ ಹುಡುಗಿಯೂ ಇದನ್ನು ನೋಡದೆ ಹೋಗಬಾರದು.

ಇಲ್ಲಿ ಕೊಳ್ಳುವುದಕ್ಕೂ ಒಂದು ಕ್ರಮವಿದೆ. ಗೋಪುರದಂತೆ ಒಟ್ಟಿದ ಬಣ್ಣದ ಪುಡಿಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ಅದೆಲ್ಲ ಕುಂಕುಮವಲ್ಲ, ಹೆಚ್ಚಿನವು ರಂಗೋಲಿ ಬಣ್ಣ, ಚರ್ಮಕ್ಕೆ ಉರಿಯಾಗಬಹುದು. ‘ಹಣೆಗೆ ಇಡೋದಾ, ರಂಗೋಲಿಗಾ?’ ಎಂದು ಕೇಳಿಯೇ ಕಟ್ಟಿಸಿ. ಶ್ರೀಗಂಧದ ಎಣ್ಣೆಯೆಂದು ಮಣಿಕಟ್ಟಿಗೆ ಒಂದು ತೊಟ್ಟು ಸವರಿ ಮೂಗಿಗೆ ಹಿಡಿಸುತ್ತಾರೆ. ಆಗಲೇ ಹಣ ತೆಗೆಯಬೇಡಿ, ಮಾರ್ಕೆಟ್ಟೆಲ್ಲ ಒಂದು ಸುತ್ತು ಬಂದು ಮತ್ತೆ ಮೂಸಿ ನೋಡಿ. ಅಸಲಿ ಗಂಧದೆಣ್ಣೆ ಹಚ್ಚಿದಾಗ ಮೆಲುವಾಗಿದ್ದು ಗಂಟೆಗಟ್ಟಲೆ ಉಳಿಯುತ್ತದೆ. ಘಮ್ಮೆಂದು ಹೊಡೆದು ಅರ್ಧ ಗಂಟೆಗೆ ಮಾಯವಾದದ್ದು ಸೆಂಟು. ಖಾತರಿ ಬೇಕಾದರೆ ಅದೇ ರಸ್ತೆಯಲ್ಲಿರುವ ಸರ್ಕಾರದ ಕಾವೇರಿ ಮಳಿಗೆಗೆ ಹೋಗಿ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಬೆಳಗ್ಗೆ ಕೊಂಡರೆ ಬ್ಯಾಗಿನಲ್ಲೇ ಬೆಂದುಹೋಗುತ್ತದೆ, ಊರಿಗೆ ಹೊರಡುವ ಮುಂಚೆ ಮೊಗ್ಗು ನೋಡಿ ತಗೊಂಡು ಬಾಳೆಲೆಯಲ್ಲೇ ಕಟ್ಟಿಸಿ. ಪ್ಲಾಸ್ಟಿಕ್ಕಿನಲ್ಲಿ ನೀರಾಡಿ ಹೂವು ಕಂದಾಗುತ್ತದೆ.

ಮೈಸೂರು ಪಾಕಿಗೆ ಮಾರ್ಕೆಟ್ಟಿಗೆ ಅಂಟಿಕೊಂಡಿರುವ ಗುರು ಸ್ವೀಟ್ಸ್. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಕಡಲೆಹಿಟ್ಟು, ಸಕ್ಕರೆ ಪಾಕ, ತುಪ್ಪ ಇಷ್ಟೇ ಸಾಮಗ್ರಿ. ಕುದಿಯುವ ತುಪ್ಪ ಬಿದ್ದಾಗ ಪಾಕದ ನೀರು ಆವಿಯಾಗಿ ಏಳುವುದರಿಂದಲೇ ಒಳಗೆ ಜಾಲರಿಯಂಥ ತೂತು ಬೀಳುವುದು. ಮೆತ್ತನೆಯದು ಪ್ರಯಾಣಕ್ಕೆ ಆಗದು, ಬಿಸಿಲಿಗೆ ತುಪ್ಪ ಬಿಟ್ಟು ಡಬ್ಬಿಯಿಂದಾಚೆ ಬರುತ್ತದೆ. ಅಲ್ಲೇ ನಿಂತು ನೂರು ಗ್ರಾಂ ತಿಂದು ಮುಗಿಸುವುದು ಉತ್ತಮ.

ಮಧ್ಯಾಹ್ನಕ್ಕೆ ಝೂ ಅಥವಾ ರೈಲ್ವೆ ಮ್ಯೂಸಿಯಂ, ಎರಡರಲ್ಲಿ ಒಂದು. 1892ರಲ್ಲಿ ಶುರುವಾದ ಝೂ ಮಂಗಳವಾರ ರಜೆ, ಪಕ್ಕದ ಕಾರಂಜಿ ಕೆರೆಗೂ ಅದೇ ರಜೆ. ಒಳಗೆ ಎರಡೂವರೆ ಮೂರು ಗಂಟೆ ನಡಿಗೆ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಸಿಟಿ ಬಸ್ಸು ಕೈಕೊಡುವುದೂ ಇಲ್ಲೇ. ಮಾರ್ಗಗಳೆಲ್ಲ ಬಹುತೇಕ ನಗರ ನಿಲ್ದಾಣದಿಂದ ಹೊರಟು ಅಲ್ಲಿಗೇ ಮರಳುತ್ತವೆ. ಪೂರ್ವದ ಝೂನಿಂದ ಪಶ್ಚಿಮದ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬೇಕಾದರೆ ನಿಲ್ದಾಣಕ್ಕೆ ವಾಪಸ್ ಬಂದು ಇನ್ನೊಂದು ಬಸ್ಸು ಹಿಡಿಯಬೇಕು, ಕಾಯುವುದರಲ್ಲೇ ಗಂಟೆ ಹೋಗುತ್ತದೆ. ಇಂಥ ಅಡ್ಡ ದಾರಿಗೆ ನಾಲ್ವರು ಸೇರಿ ಆಪ್ ಆಟೊ ಹಿಡಿಯುವುದೇ ಅಗ್ಗ. ಕಾಲಿಗೆ ವಿರಾಮ ಬೇಕೆನ್ನುವವರು ಅರಮನೆಯ ಪಶ್ಚಿಮಕ್ಕಿರುವ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಲಿ. ರವಿವರ್ಮನ ಚಿತ್ರಗಳಿವೆ, ಹಾಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಜಲವರ್ಣವೂ ಅಲ್ಲೇ ಇದೆ.

ಅರಮನೆಗೆ ನಾಲ್ಕರೊಳಗೆ ಹೋಗಿಬಿಡಿ, ಐದೂವರೆಗೆ ಮುಚ್ಚುತ್ತದೆ. ಟಿಕೆಟ್ ಸಿಗುವುದು ದಕ್ಷಿಣದ ವರಾಹ ದ್ವಾರದಲ್ಲಿ. ಉತ್ತರದ ಬಾಗಿಲಿಗೆ ಹೋದವರು ಕೋಟೆ ಸುತ್ತಿ ಬರಬೇಕಾಗುತ್ತದೆ. ಹಳೆಯದು 1897ರಲ್ಲಿ ಸುಟ್ಟ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ 1912ಕ್ಕೆ ಮುಗಿದ ಕಟ್ಟಡ ಇದು. ಜನ ಚಾವಣಿಯ ನವಿಲುಗಾಜನ್ನೇ ನೋಡುತ್ತಾ ನಡೆಯುತ್ತಾರೆ. ಕಲ್ಯಾಣ ಮಂಟಪದ ಗೋಡೆಯಲ್ಲಿರುವ ದಸರಾ ಮೆರವಣಿಗೆಯ ಚಿತ್ರಗಳಿಗೆ ಹದಿನೈದು ನಿಮಿಷ ಕೊಡಿ. ಗುಂಪಿನಲ್ಲಿರುವ ಪ್ರತಿಯೊಬ್ಬರ ಮುಖವೂ ಬೇರೆಬೇರೆ.

ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ರಾತ್ರಿ ಏಳಕ್ಕೆ ದೀಪಾಲಂಕಾರ, ಸುಮಾರು ಒಂದು ಲಕ್ಷ ಬಲ್ಬು. ಪ್ಯಾಕೇಜಿನವರು ಅದೇ ಹೊತ್ತಿಗೆ ಕೆಆರ್‌ಎಸ್ ಕಾರಂಜಿಗೆ ಕರೆದೊಯ್ಯುತ್ತಾರೆ, ಒಂದೇ ಸಂಜೆಗೆ ಎರಡೂ ಆಗುವುದಿಲ್ಲ. ಭಾನುವಾರ ಬಂದವರು ಅರಮನೆಯನ್ನೇ ಆರಿಸಿಕೊಳ್ಳಿ. ಅರಮನೆ ಮುಚ್ಚುವುದಕ್ಕೂ ದೀಪ ಹತ್ತುವುದಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ಕಾಫಿ ಕುಡಿದು ದೊಡ್ಡ ಗಡಿಯಾರದ ಕನ್ನಡ ಅಂಕಿಗಳನ್ನು ನೋಡಬಹುದು, ಮಲ್ಲಿಗೆಯನ್ನೂ ಆಗಲೇ ಕೊಳ್ಳಿ. ದೀಪ ಆರಿದ ಕೂಡಲೇ ಇಡೀ ಜನ ಒಟ್ಟಿಗೆ ಹೊರಬರುವುದರಿಂದ ಬಸ್ಸು ತುಂಬಿರುತ್ತದೆ, ಆಟೊದವರು ಬಾಯಿಗೆ ಬಂದ ದರ ಹೇಳುತ್ತಾರೆ. ರೈಲ್ವೆ ನಿಲ್ದಾಣಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ನಡಿಗೆ. ಒಂಬತ್ತರ ನಂತರದ ರೈಲಿಗೆ ಟಿಕೆಟ್ ಮಾಡಿಸಿದ್ದರೆ ಕ್ಲೋಕ್ ರೂಮಿನಿಂದ ಬ್ಯಾಗ್ ಬಿಡಿಸಿಕೊಳ್ಳಲೂ ಸಮಯ ಉಳಿಯುತ್ತದೆ.